ಹೆಡ್‌ಲೈಟಿನ ‘ಗ್ಲಾಸು’

ಕಾರಿನ ಹೆಡ್‌ಲೈಟಿನ ಮುಖಕ್ಕೆ ಗ್ಯಾರೇಜಿನವರ ಬಾಯಲ್ಲಿ ಇಂದಿಗೂ ‘ಗ್ಲಾಸು’ ಎಂದೇ ಹೆಸರು. ಅದು ಗಾಜಾಗಿ ಉಳಿದಿಲ್ಲ. ಕಳೆದ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ರಸ್ತೆಗಿಳಿದ ಕಾರುಗಳಲ್ಲಿ ಬಹುಪಾಲಿಗೆ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ವಸ್ತು ಬದಲಾದರೂ ಹೆಸರು ಹಳೆಯದೇ ನಿಂತಿತು, ಆರೈಕೆ ಮಾತ್ರ ಬುಡಸಮೇತ ಬೇರೆಯಾಯಿತು. ಗಾಜಿನ ಕಾಲದಲ್ಲಿ ಒಂದು ಒದ್ದೆ ಬಟ್ಟೆ ಸಾಕಿತ್ತು. ಪ್ಲಾಸ್ಟಿಕ್ಕಿಗೆ ವಾಟರ್ ಪೇಪರು, ಕಾಂಪೌಂಡು, ಕ್ಲಿಯರ್ ಕೋಟು ಬೇಕು. ಮಬ್ಬು ಹಿಡಿದ ಹೆಡ್‌ಲೈಟನ್ನು ಉಜ್ಜಿ ತಿಳಿಯಾಗಿಸುವ ಕೆಲಸ ಹುಟ್ಟಿದ್ದು ಈ ಬದಲಾವಣೆಯಿಂದಲೇ.

ಈ ಕೆಲಸದ ಹಿನ್ನೆಲೆ ನೋಡಲು ಬಳ್ಳಾರಿ ಸೀಮೆ ತಕ್ಕ ಜಾಗ. ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಸಿರುಗುಪ್ಪ ದಾಟಿ ಬಳ್ಳಾರಿಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಹಲಕುಂದಿಯ ಮೇಲೆ ಚಳ್ಳಕೆರೆ, ಹಿರಿಯೂರಿನತ್ತ ಸಾಗುತ್ತದೆ. ಬೆಂಗಳೂರಿಗೆ ಹೊರಟ ರಾತ್ರಿಯ ಗಾಡಿಗಳ ದಾರಿಯೂ ಇದೇ. ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂಬ ಮಾತು ಕೇಳದವರಿಲ್ಲ. ಆ ಬಿಸಿಲಿನ ಜೊತೆಗೆ ಅದಿರಿನ ಕೆಂದೂಳೂ ಸೇರಿತು. ಪ್ಲಾಸ್ಟಿಕ್ ಹೆಡ್‌ಲೈಟಿಗೆ ಇವೆರಡಕ್ಕಿಂತ ದೊಡ್ಡ ವೈರಿಗಳು ಬೇಕಿಲ್ಲ.

ಮೋಟಾರು ಬರುವ ಮೊದಲು ಈ ಸೀಮೆಯ ರಾತ್ರಿ ರಸ್ತೆಗೆ ಇದ್ದದ್ದು ಎತ್ತಿನ ಬಂಡಿಯ ಅಚ್ಚಿನ ಕೆಳಗೆ ತೂಗುತ್ತಿದ್ದ ಲಾಟೀನು. ದಾರಿ ಎತ್ತುಗಳಿಗೆ ಗೊತ್ತಿರುತ್ತಿತ್ತು, ಲಾಟೀನು ಇದ್ದದ್ದು ಎದುರಿನವರಿಗೆ ಬಂಡಿ ಕಾಣಲಿ ಎಂದು. ಮೊದಲ ಮೋಟಾರು ಕಾರುಗಳ ದೀಪಗಳ ಕೆಲಸವೂ ಇಷ್ಟೇ. ಸೀಮೆಎಣ್ಣೆಯ ಆ ಹಿತ್ತಾಳೆ ದೀಪಗಳಿಂದ ಮುಂದಿನ ಹಳ್ಳ ಕಾಣುತ್ತಿರಲಿಲ್ಲ. ದಾರಿ ಕಾಣುವಷ್ಟು ಬೆಳಕು ಕೊಟ್ಟದ್ದು ಕಾರ್ಬೈಡ್. 1892ರಲ್ಲಿ ಥಾಮಸ್ ವಿಲ್ಸನ್ ವಿದ್ಯುತ್ ಕುಲುಮೆಯಲ್ಲಿ ಕ್ಯಾಲ್ಸಿಯಂ ಕಾರ್ಬೈಡನ್ನು ಅಗ್ಗವಾಗಿ ತಯಾರಿಸುವ ದಾರಿ ಕಂಡುಕೊಂಡ ಮೇಲೆ ಅಸಿಟಿಲೀನ್ ದೀಪಗಳು ಸೈಕಲ್ಲಿಗೂ ಕಾರಿಗೂ ಬಂದವು. ಮೇಲಿನ ಡಬ್ಬಿಯಿಂದ ನೀರು ಕೆಳಗಿನ ಕಾರ್ಬೈಡ್ ಹೆಂಟೆಯ ಮೇಲೆ ತೊಟ್ಟಿಕ್ಕುವುದು, ಎದ್ದ ಅನಿಲವನ್ನು ಕಡ್ಡಿ ಗೀರಿ ಹೊತ್ತಿಸುವುದು ಆ ದೀಪದ ಕ್ರಮ. ಮಾವಿನ ಮಂಡಿಗಳಲ್ಲಿ ಕಾಯಿ ಹಣ್ಣಾಗಿಸಲು ಕದ್ದುಮುಚ್ಚಿ ಬಳಸುವ ಕಾರ್ಬೈಡೂ ಇದೇ, ಕೆಲಸ ಮಾಡುವ ಅನಿಲವೂ ಅದೇ. 1912ರಲ್ಲಿ ಕ್ಯಾಡಿಲಾಕ್ ಕಾರು ಬ್ಯಾಟರಿ, ಸ್ವಯಂಚಾಲಿತ ಸ್ಟಾರ್ಟರು, ವಿದ್ಯುತ್ ದೀಪ ಮೂರನ್ನೂ ಒಟ್ಟಿಗೆ ತಂದ ಮೇಲೆ ಕಾರ್ಬೈಡ್ ದೀಪದ ದಿನ ಮುಗಿಯುತ್ತ ಬಂತು.

ಈ ಮೂರೂ ಬಗೆಯ ದೀಪಗಳಲ್ಲಿ ಮುಖ ಗಾಜಿನದೇ. ಹಿತ್ತಾಳೆಗೆ ಪಾಲಿಶ್ ಬೇಕಾಗುತ್ತಿತ್ತು, ಒಳಗಿನ ಬೆಳ್ಳಿ ಲೇಪದ ಪ್ರತಿಫಲಕ ಕಪ್ಪಾಗುತ್ತಿತ್ತು, ಬಲ್ಬು ಸುಡುತ್ತಿತ್ತು. ಗಾಜು ಮಾತ್ರ ಹಾಕಿದ ದಿನ ಹೇಗಿತ್ತೋ ಹಾಗೇ ಇರುತ್ತಿತ್ತು, ಇಲ್ಲವೇ ಒಂದು ಕಲ್ಲು ಸಿಡಿದು ಒಡೆಯುತ್ತಿತ್ತು. ನಡುವಿನ ಸ್ಥಿತಿ ಎಂಬುದೇ ಅದಕ್ಕೆ ಇರಲಿಲ್ಲ. ಅಮೆರಿಕ 1940ರ ಮಾದರಿಗಳಿಂದ ಗಾಜು, ಪ್ರತಿಫಲಕ, ತಂತಿ ಮೂರನ್ನೂ ಒಂದೇ ಬುರುಡೆಯೊಳಗೆ ಮುಚ್ಚಿಬಿಟ್ಟಿತು. ಸೀಲ್ಡ್ ಬೀಮ್ ಎನ್ನಿಸಿಕೊಂಡ ಆ ದೀಪ ಕೆಟ್ಟರೆ ಇಡಿಯಾಗಿ ಕಿತ್ತು ಹೊಸದು ಹಾಕುವುದೇ. ಏಳು ಇಂಚಿನ ಆ ದುಂಡು ಅಳತೆ ಲೋಕವೆಲ್ಲ ಹಬ್ಬಿತು. ಅಂಬಾಸಿಡರ್, ಫಿಯೆಟ್, ಜೀಪು, ಲಾರಿಗಳ ಕಣ್ಣುಗಳೆಲ್ಲ ದುಂಡಗಿದ್ದುದಕ್ಕೆ ಕಾರಣ ಇದೇ. ಯಾವ ಊರಿನ ಆಟೊಮೊಬೈಲ್ ಅಂಗಡಿಯಲ್ಲೂ ಸಿಗುತ್ತಿದ್ದ ಅಗ್ಗದ ಸಾಮಾನು ಅದು, ಹಾಗಾಗಿ ಅದನ್ನು ರಿಪೇರಿ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ.

ಗಾಜಿನ ಕಾಲದಲ್ಲಿ ಹೆಡ್‌ಲೈಟಿನ ಮುಖಕ್ಕೆ ಪೇಂಟರ್ ಕೈ ಹಾಕುತ್ತಿದ್ದುದು ಬೆಳಕು ಹೆಚ್ಚಿಸಲು ಅಲ್ಲವೇ ಅಲ್ಲ, ತಗ್ಗಿಸಲು. ಎರಡನೇ ಮಹಾಯುದ್ಧದ ಹೊತ್ತಿಗೆ ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಜಪಾನಿ ವಿಮಾನಗಳ ಭಯದಲ್ಲಿ ಮದ್ರಾಸಿನ ಮೋಟಾರುಗಳ ದೀಪಗಳಿಗೆ ಮುಸುಕು ಬಿದ್ದಿತ್ತು. 1971ರ ಯುದ್ಧದಲ್ಲಿ ದೇಶದ ಹಲವು ನಗರಗಳಲ್ಲಿ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿದರು. ಯುದ್ಧ ಮುಗಿದ ಮೇಲೂ ಎದುರಿನವರ ಕಣ್ಣು ಕುಕ್ಕದಿರಲಿ ಎಂದು ಗಾಜಿನ ಮೇಲ್ಭಾಗಕ್ಕೆ ಕಪ್ಪು ಪಟ್ಟೆ, ಇಲ್ಲವೇ ನಡುವೆ ಒಂದು ಕಪ್ಪು ಬೊಟ್ಟು ಇಡುವ ಪದ್ಧತಿ ಲಾರಿ ಬಸ್ಸುಗಳಲ್ಲಿ ಬಹಳ ಕಾಲ ನಡೆಯಿತು. ಗಾಜಿನ ಮೇಲೆ ಬಳಿದ ಬಣ್ಣವನ್ನು ಬ್ಲೇಡಿನಿಂದ ಹೆರೆದರೆ ಒಂದು ಗೀರೂ ಬೀಳುತ್ತಿರಲಿಲ್ಲ. ಇಂದಿನ ಹೆಡ್‌ಲೈಟಿಗೆ ಬ್ಲೇಡು ತಾಗಿಸಿದರೆ ಅಲ್ಲಿಗೆ ಮುಗಿಯಿತು.

ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದೇ ತಿಂಗಳು ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ಪಾಲಿಕಾರ್ಬೊನೇಟಿಗೆ ಪೇಟೆಂಟ್ ಅರ್ಜಿ ಹಾಕಿದ. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು, ಆದರೆ ಬಳ್ಳಾರಿಯ ಓದುಗರಿಗೆ ವರ್ಷ ನೆನಪಿಡಲು ಸುಲಭ. ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನಲ್ಲಿ ಡೇನಿಯಲ್ ಫಾಕ್ಸ್ ಕೂಡ ತನ್ನ ಪಾಡಿಗೆ ಇದೇ ವಸ್ತುವಿಗೆ ಬಂದು ಮುಟ್ಟಿದ್ದ. ತಂತಿಗೆ ಹೊದಿಸಲು ಒಳ್ಳೆಯ ಅಂಟೊಂದನ್ನು ಹುಡುಕುತ್ತಿದ್ದಾಗ ಪಾತ್ರೆಯಲ್ಲಿದ್ದದ್ದು ಕಲಕುವ ಕಡ್ಡಿಯ ಸಮೇತ ಗಟ್ಟಿಯಾಗಿ ಕೂತುಬಿಟ್ಟಿತು. ಆ ಮುದ್ದೆಯನ್ನು ಸುತ್ತಿಗೆಯಂತೆ ಹಿಡಿದು ಮೊಳೆ ಹೊಡೆದರಂತೆ. ಬೇಯರ್ ಅದನ್ನು ಮ್ಯಾಕ್ರೊಲಾನ್ ಎಂದೂ ಜನರಲ್ ಎಲೆಕ್ಟ್ರಿಕ್ ಲೆಕ್ಸಾನ್ ಎಂದೂ ಮಾರಿದವು.

ಗಾಜಿನ ಅರ್ಧದಷ್ಟೂ ತೂಕವಿಲ್ಲದ, ಕಲ್ಲು ಬಿದ್ದರೂ ಒಡೆಯದ, ಯಾವ ಅಚ್ಚಿಗೆ ಸುರಿದರೂ ಆ ಆಕಾರ ತಾಳುವ ಈ ವಸ್ತು ಕಾರು ತಯಾರಕರ ಕಣ್ಣಿಗೆ ಬೀಳದೆ ಇರಲಿಲ್ಲ. ಅಡ್ಡಿ ಇದ್ದದ್ದು ಕಾನೂನಿನದು. ಅಮೆರಿಕದಲ್ಲಿ ಸೀಲ್ಡ್ ಬೀಮ್ ಬಿಟ್ಟು ಬೇರೆ ದೀಪಕ್ಕೆ ಅವಕಾಶವೇ ಇರಲಿಲ್ಲ. ಫೋರ್ಡ್ ಕಂಪನಿ 1981ರಲ್ಲಿ ಮನವಿ ಸಲ್ಲಿಸಿ, 1983ರಲ್ಲಿ ಒಪ್ಪಿಗೆ ಪಡೆದು, 1984ರ ಲಿಂಕನ್ ಮಾರ್ಕ್ 7 ಕಾರಿಗೆ ಪ್ಲಾಸ್ಟಿಕ್ ಮುಖದ ಹೆಡ್‌ಲೈಟ್ ಕೂರಿಸಿತು. ಗಾಳಿಗೆ ಎದುರಾಗದಂತೆ ಬಾನೆಟ್ಟಿನ ಓರೆಗೆ ಸರಿಯಾಗಿ ಬಾಗಿದ ದೀಪ ಅಲ್ಲಿಂದ ಸಾಧ್ಯವಾಯಿತು. ತೊಂಬತ್ತರ ದಶಕದಲ್ಲಿ ಯುರೋಪಿನ ನಿಯಮಗಳೂ ಸಡಿಲಗೊಂಡವು.

ಭಾರತಕ್ಕೆ ಈ ಗಾಳಿ ತಡವಾಗಿ ಬೀಸಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಹೆಡ್‌ಲೈಟು ಗಾಜಿನದೇ, ಮೇಲೆ ಉದ್ದುದ್ದ ಗೀರುಗಳು. ಬೆಳಕನ್ನು ಹರಡುವ ಕೆಲಸ ಆ ಗೀರುಗಳದ್ದು. ಹೊಸ ಶತಮಾನದ ಮೊದಲ ದಶಕದಲ್ಲಿ ಆ ಕೆಲಸವನ್ನು ಒಳಗಿನ ಹಲವು ಮುಖಗಳ ಪ್ರತಿಫಲಕಕ್ಕೆ ವಹಿಸಿ, ಮುಂದಿನ ಮುಖವನ್ನು ನೀರಿನಂತೆ ತಿಳಿಯಾಗಿ ಬಿಟ್ಟರು. 2005ರಲ್ಲಿ ಬಂದ ಟೊಯೊಟಾ ಇನ್ನೋವಾ, ಅದೇ ವರ್ಷದ ಮಾರುತಿ ಸ್ವಿಫ್ಟ್, 2008ರ ಡಿಜೈರ್ ಈ ಪೀಳಿಗೆಯವು. ಬಾಡಿಗೆ ಓಡಿಸುವವರು ಇನ್ನೋವಾ, ಡಿಜೈರ್‌ಗಳನ್ನು ಎಡೆಬಿಡದೆ ಕೊಂಡದ್ದರಿಂದ ಮಬ್ಬಾದ ಹೆಡ್‌ಲೈಟು ಮೊದಲು ಎದ್ದುಕಂಡದ್ದು ಹಳದಿ ಬೋರ್ಡಿನ ಗಾಡಿಗಳಲ್ಲಿ.

ಬಳ್ಳಾರಿಯಲ್ಲಿ ಈ ಕಾರುಗಳ ಕಾಲವೂ ಅದಿರಿನ ಕಾಲವೂ ಒಂದೇ ಆದವು. ಚೀನಾದ ಬೇಡಿಕೆಯಿಂದ 2003ರ ನಂತರ ಕಬ್ಬಿಣದ ಅದಿರಿನ ಬೆಲೆ ಏರಿ, ಸಂಡೂರು, ಹೊಸಪೇಟೆ, ಬಳ್ಳಾರಿ ರಸ್ತೆಗಳಲ್ಲಿ ಅದಿರು ಲಾರಿಗಳ ಸಾಲು ಹಗಲಿರುಳು ಹರಿಯಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಎರಡು ದಿನಕ್ಕೆ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರಲ್ಲಿ ಅದು ಕಟ್ಟುಪಾಡುಗಳೊಡನೆ ಮತ್ತೆ ಶುರುವಾಯಿತು. ಆ ವರ್ಷಗಳ ರಾಜಕೀಯದ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಇಲ್ಲಿ ಬೇಕಾದದ್ದು ಧೂಳು ಮಾತ್ರ. ಕಬ್ಬಿಣದ ಅದಿರಾದ ಹೆಮಟೈಟಿನ ಗಡಸುತನ ಮೋಸ್ ಅಳತೆಯಲ್ಲಿ ಸುಮಾರು 5.5ರಿಂದ 6.5, ಅಂದರೆ ಚಾಕುವಿನ ಅಲಗಿನ ಹತ್ತಿರ. ಪಾಲಿಕಾರ್ಬೊನೇಟು ಒಡೆಯದ ವಸ್ತು ಹೌದು, ಆದರೆ ಮೈ ಬಲು ಮೆದು, ಸುಲಭವಾಗಿ ಗೀರು ಬೀಳುತ್ತದೆ. ಮುಂಜಾನೆ ಕಾರಿನ ಮೇಲೆ ಕೂತ ಕೆಂಪು ಪುಡಿಯನ್ನು ಒಣ ಬಟ್ಟೆಯಲ್ಲಿ ಒರೆಸುವುದೆಂದರೆ ಹೆಡ್‌ಲೈಟಿಗೆ ಎಮರಿ ಕಾಗದ ಹಾಕಿದಂತೆಯೇ. ಡ್ರೈವರುಗಳು ಅಚ್ಚುಕಟ್ಟಿಗೆ ಮಾಡಿದ ಆ ಕೆಲಸವೇ ಎಷ್ಟೋ ಹೆಡ್‌ಲೈಟುಗಳ ಆಯುಸ್ಸು ತಿಂದಿತು.

ಹಾಗೆಂದು ಮಬ್ಬಿನ ಮೂಲ ಕಾರಣ ಧೂಳೆಂದರೆ ತಪ್ಪಾದೀತು, ಅದು ಬಿಸಿಲು. ಪಾಲಿಕಾರ್ಬೊನೇಟಿನ ಅಣುಸರಪಳಿಯ ಕೊಂಡಿಗಳು ಅತಿನೇರಳೆ ಕಿರಣ ಬಿದ್ದಲ್ಲಿ ಮುರಿದು, ಬೇರೆ ರೀತಿಯಲ್ಲಿ ಹೆಣೆದುಕೊಂಡು ಹಳದಿ ಬಣ್ಣದ ವಸ್ತುಗಳಾಗುತ್ತವೆ. ಗಾಳಿಯ ಆಮ್ಲಜನಕ ಸೇರಿ ಮೈ ಪೆಡಸಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ. ಇದು ಮೊದಲಿಂದಲೂ ಗೊತ್ತಿದ್ದ ದೋಷ. ಅದಕ್ಕೆಂದೇ ಕಾರ್ಖಾನೆಯಲ್ಲಿ ಹೊರಮೈಗೆ ಅತಿನೇರಳೆ ತಡೆಯುವ ಗಟ್ಟಿ ಲೇಪ ಕೊಡುತ್ತಾರೆ. ಆ ಲೇಪದ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಧೂಳು ಅದನ್ನು ಸವೆಸುತ್ತದೆ, ಬಿಸಿಲು ಅದನ್ನು ದಾಟಿ ಒಳಗೆ ಇಳಿಯುತ್ತದೆ. ಹೆಡ್‌ಲೈಟಿನ ಮೇಲಂಚು, ಅಂದರೆ ಆಕಾಶಕ್ಕೆ ಮುಖ ಮಾಡಿದ ಭಾಗ, ಮೊದಲು ಹಳದಿಯಾಗುವುದು ಈ ಕಾರಣಕ್ಕೆ. ದಿನವೂ ಒಂದೇ ಜಾಗದಲ್ಲಿ ನಿಲ್ಲಿಸುವ ಕಾರಿನಲ್ಲಿ ಬಿಸಿಲು ಬೀಳುವ ಕಡೆಯ ಕಣ್ಣು ಪೊರೆಗಟ್ಟಿ, ಗೋಡೆ ಕಡೆಯದು ತಿಳಿಯಾಗಿಯೇ ಉಳಿದಿರುವುದೂ ಉಂಟು. ಹೆದ್ದಾರಿಯ ರಾತ್ರಿ ಓಟಕ್ಕೆಂದು 60/55 ವ್ಯಾಟಿನ ಜಾಗದಲ್ಲಿ 100/90ರ ಬಲ್ಬು ಹಾಕಿಸಿದ ಗಾಡಿಗಳಲ್ಲಿ ಕಾವು ಒಳಗಿನಿಂದಲೂ ಕೆಲಸ ಮಾಡಿ, ಪ್ರತಿಫಲಕ ಸುಟ್ಟು, ಹೊಗೆಯಾಡಿದಂತಾಗುತ್ತದೆ. ಅದಕ್ಕೆ ಹೊರಗಿನ ಉಜ್ಜುವಿಕೆ ಮದ್ದಲ್ಲ.

ಹೊಸ ರೋಗಕ್ಕೆ ಜನ ಮೊದಲು ಮನೆಮದ್ದು ಹುಡುಕಿದರು. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಬೂದಿ ಇದ್ದಂತೆ ಹೆಡ್‌ಲೈಟಿಗೆ ಟೂತ್‌ಪೇಸ್ಟು ಬಂತು. ಪೇಸ್ಟಿನಲ್ಲಿರುವ ಸುಣ್ಣದ ಪುಡಿ, ಸಿಲಿಕಾಗಳು ನಯವಾದ ಎಮರಿಯೇ ಆದ್ದರಿಂದ ಸ್ವಲ್ಪ ಹೊಳಪು ಬರುವುದು ನಿಜ. ಸೀಮೆಎಣ್ಣೆ, ಡೀಸೆಲ್ ಸವರಿದರೂ ಹೊಳೆಯುತ್ತದೆ, ಎಣ್ಣೆ ಗೀರುಗಳಲ್ಲಿ ತುಂಬಿಕೊಂಡಿರುವಷ್ಟು ಹೊತ್ತು. ಬೆಳಿಗ್ಗೆ ಸವರಿದ್ದು ಮಧ್ಯಾಹ್ನಕ್ಕೆ ಆರಿ, ಮೇಲೆ ಧೂಳು ಅಂಟಿ ಮೊದಲಿಗಿಂತ ಕೆಡುತ್ತದೆ. ಪೆಟ್ರೋಲು ಸವರುವುದಂತೂ ಅಪಾಯ, ಅದು ಪಾಲಿಕಾರ್ಬೊನೇಟಿನಲ್ಲಿ ಬಿರುಕು ಎಬ್ಬಿಸುತ್ತದೆ.

ಸರಿಯಾದ ಕೆಲಸ ಶುರುವಾದದ್ದು ಪೇಂಟರ್ ಕೈಯಲ್ಲಿ, ಅದಕ್ಕೆ ಬೇಕಾದ ಸಾಮಾನೆಲ್ಲ ಆಗಲೇ ಅವನ ಬಳಿ ಇತ್ತು. ನೀರಿನಲ್ಲಿ ಅದ್ದಿ ಉಜ್ಜುವ ಎಮರಿ ಕಾಗದವನ್ನು, ಅಂದರೆ ವಾಟರ್ ಪೇಪರನ್ನು, ಅಮೆರಿಕದ 3ಎಂ ಕಂಪನಿ 1921ರಲ್ಲಿ ಮಾರುಕಟ್ಟೆಗೆ ತಂದದ್ದು ಕಾರಿನ ಬಣ್ಣದ ಕೆಲಸಕ್ಕೆಂದೇ. ಒಣ ಎಮರಿಯ ಧೂಳು ಕುಡಿದು ಪೇಂಟರುಗಳು ನರಳುತ್ತಿದ್ದರು. ಅಂಚಿಗೆ ಹಚ್ಚುವ ಮಾಸ್ಕಿಂಗ್ ಟೇಪನ್ನು ಅದೇ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ರೂಪಿಸಿದ್ದೂ ಎರಡು ಬಣ್ಣದ ಕಾರುಗಳ ಪೇಂಟರುಗಳ ಗೋಳು ಕಂಡು. ಭಾರತದಲ್ಲಿ 1954ರಲ್ಲಿ ಮದ್ರಾಸಿನಲ್ಲಿ ಕಾರ್ಬೊರಂಡಂ ಯೂನಿವರ್ಸಲ್ ಹುಟ್ಟಿ, ಉಜ್ಜುವ ಸಾಮಾನನ್ನು ಇಲ್ಲೇ ತಯಾರಿಸತೊಡಗಿತು. ಕೊನೆಗೆ ಮೇಲೆ ಹೊಡೆಯುವ ಪಿಯು ಕ್ಲಿಯರ್ ಪಾಲಿಯುರಿಥೇನಿನದು. ಅದು 1937ರಲ್ಲಿ ಒಟ್ಟೊ ಬೇಯರ್ ಕಂಡುಹಿಡಿದದ್ದು, ಅವನಿದ್ದ ಕಂಪನಿಯೂ ಶ್ನೆಲ್‌ನದೇ. ಮಬ್ಬಾಗುವ ವಸ್ತುವೂ ಅದನ್ನು ಮುಚ್ಚಿ ಕಾಯುವ ವಸ್ತುವೂ ಒಂದೇ ಮನೆಯಿಂದ ಬಂದವು.

ಕೆಲಸದ ಕ್ರಮ ಹೀಗೆ. ಮೊದಲು ನೀರು ಚಿಮುಕಿಸಿ ಕೆಂದೂಳನ್ನು ಇಳಿಯಬಿಡಬೇಕು, ಒರೆಸಬಾರದು. ಬಾನೆಟ್ಟು, ಬಂಪರುಗಳ ಅಂಚಿಗೆ ಎರಡು ಸುತ್ತು ಟೇಪು. ಒಂದು ಬಕೆಟ್ ನೀರಿಗೆ ಎರಡು ಹನಿ ಶಾಂಪೂ ಬಿಟ್ಟು, ಅದರಲ್ಲಿ ನೆನೆದ 400 ಇಲ್ಲವೇ 600 ನಂಬರಿನ ವಾಟರ್ ಪೇಪರಿನಿಂದ ಆರಂಭ. ಮೊದಲು ಹರಿದು ಇಳಿಯುವ ನೀರು ಕೆನೆ ಹಳದಿಯಾಗಿ, ಅಂಟಂಟಾಗಿರುತ್ತದೆ. ಅದು ಕೊಳೆಯಲ್ಲ, ಸತ್ತ ಲೇಪ. ನೀರು ಅಚ್ಚ ಬಿಳಿಯಾಗಿ ಹಾಲಿನಂತೆ ಇಳಿಯತೊಡಗಿದರೆ ಲೇಪ ಮುಗಿದು ಪ್ಲಾಸ್ಟಿಕ್ ತಾಗಿತು ಎಂದು ಲೆಕ್ಕ. ಕಣ್ಣಿಗಿಂತ ಮೊದಲು ಬೆರಳಿಗೆ ಇದು ತಿಳಿಯುತ್ತದೆ, ಕಾಗದ ತಡೆದು ತಡೆದು ಹೋಗುತ್ತಿದ್ದುದು ಒಮ್ಮೆಲೇ ಸಲೀಸಾಗುತ್ತದೆ. ಹಳೆಯ ಲೇಪ ಅಲ್ಲಲ್ಲಿ ಉಳಿದರೆ ಕ್ಲಿಯರ್ ಹೊಡೆದ ಮೇಲೆ ನಕಾಶೆಯಂತೆ ಮೂಡುವುದರಿಂದ ಇಲ್ಲಿ ಅವಸರ ಸಲ್ಲದು. ಮುಂದೆ 800, 1000, 1500, 2000 ಎಂದು ನಂಬರು ಏರುತ್ತ ಹೋಗುತ್ತದೆ. ಒಂದು ನಂಬರನ್ನು ಅಡ್ಡಕ್ಕೆ ಉಜ್ಜಿದರೆ ಮುಂದಿನದನ್ನು ಉದ್ದಕ್ಕೆ. ಹಿಂದಿನ ಗೀರು ಉಳಿದಿದ್ದರೆ ಆಗ ತಾನಾಗಿ ಕಾಣುತ್ತದೆ. ಈ ಹಂತದಲ್ಲಿ ಹೆಡ್‌ಲೈಟು ಮೊದಲಿಗಿಂತ ಬೆಳ್ಳಗೆ, ಬಚ್ಚಲ ಮನೆಯ ಕಿಟಕಿ ಗಾಜಿನಂತಿರುತ್ತದೆ. ಕಾರಿನ ಯಜಮಾನರ ಮುಖ ಸಪ್ಪಗಾಗುವುದು ಆಗಲೇ.

ಅಲ್ಲಿಂದ ದಾರಿ ಎರಡಾಗುತ್ತದೆ. ಅಗ್ಗದ್ದು ಕಾಂಪೌಂಡ್ ಹಚ್ಚಿ ಬಫಿಂಗ್ ಮೆಷಿನ್ನಿನಿಂದ ತಿಕ್ಕಿ ಹೊಳಪು ಬರಿಸುವುದು. ಮೆಷಿನ್ನನ್ನು ಒಂದೇ ಕಡೆ ಒತ್ತಿ ಹಿಡಿದರೆ ಕಾವಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಅಲೆ ಮೂಡುತ್ತದೆ, ಪಾಲಿಕಾರ್ಬೊನೇಟು ಮೆತ್ತಗಾಗುವುದು ಸುಮಾರು 147 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಹೀಗೆ ಬಂದ ಹೊಳಪು ಬರಿಮೈಯದು. ಕಾಯುವ ಲೇಪ ಇಲ್ಲದ್ದರಿಂದ ಬಳ್ಳಾರಿಯ ಬಿಸಿಲಲ್ಲಿ ಕೆಲವೇ ತಿಂಗಳಿಗೆ ಹಳದಿ ಮರಳುತ್ತದೆ, ಕಾರ್ಖಾನೆಯ ಲೇಪವನ್ನೂ ಕಳೆದುಕೊಂಡದ್ದರಿಂದ ಈ ಸಲ ಬೇಗ. ಎರಡನೆಯ ದಾರಿಯಲ್ಲಿ ಬಫಿಂಗ್ ಬೇಕಿಲ್ಲ. ಸಾವಿರದ ಆಸುಪಾಸಿನ ನಂಬರಿಗೆ ನಿಲ್ಲಿಸಿ, ಚೆನ್ನಾಗಿ ಆರಿಸಿ, ಹಾರ್ಡನರ್ ಬೆರೆಸಿದ ಪಿಯು ಕ್ಲಿಯರನ್ನು ಎರಡು ಕೋಟು ಹೊಡೆಯುವುದು. ಗೀರುಗಳ ಸಂದಿಗೆ ಕ್ಲಿಯರ್ ಇಳಿದ ಕೂಡಲೇ ಬಿಳಿ ಮಬ್ಬು ಕಣ್ಣೆದುರೇ ಕರಗಿ ಒಳಗಿನ ಬಲ್ಬು ಕಾಣುತ್ತದೆ. ಈ ಕೆಲಸ ವರ್ಷಗಟ್ಟಲೆ ತಡೆಯುತ್ತದೆ. ತೊಂದರೆ ಗಾಳಿಯದು. ತೆರೆದ ಶೆಡ್ಡಿನಲ್ಲಿ ಮಧ್ಯಾಹ್ನದ ಸುಳಿಗಾಳಿ ಎದ್ದರೆ ಹಸಿ ಕ್ಲಿಯರಿನ ಮೇಲೆ ಕೆಂಪು ಚುಕ್ಕೆ ಕೂತು, ಮೊದಲಿನಿಂದ ಉಜ್ಜಬೇಕಾಗುತ್ತದೆ. ಹಾರ್ಡನರಿನ ಐಸೊಸಯನೇಟು ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ.

ಉಜ್ಜುವ ಮಾತು ಬಂದಾಗ ಬಳ್ಳಾರಿಯದೇ ಇನ್ನೊಂದು ಉದ್ಯಮ ನೆನಪಾಗದೆ ಇರದು. ಬಳ್ಳಾರಿ ಜೀನ್ಸಿಗೆ ಹೆಸರಾದ ಊರು, ಹೊಸ ಜೀನ್ಸಿನ ತೊಡೆ ಮೊಣಕಾಲುಗಳನ್ನು ಎಮರಿಯಿಂದ ಉಜ್ಜಿ ಹಳತಿನ ಕಳೆ ಬರಿಸುವುದು ಆ ಕಸುಬಿನ ಒಂದು ವಿದ್ಯೆ. ಒಂದು ಕಡೆ ಹೊಸದು ಹಳೆಯದಾಗಿ ಕಾಣಲಿ ಎಂದೂ ಮತ್ತೊಂದು ಕಡೆ ಹಳೆಯದು ಹೊಸದಾಗಿ ಕಾಣಲಿ ಎಂದೂ ಕೈ ಸವೆಸುವ ಕಾಗದ ಒಂದೇ.

ಇತ್ತೀಚಿನ ವರ್ಷಗಳಲ್ಲಿ ಮೂರನೆಯ ದಾರಿಯೊಂದು ಬಂದಿದೆ. ಮೂತಿ ಇರುವ ಸಣ್ಣ ಪಾತ್ರೆಯಲ್ಲಿ ಕ್ಲೋರಿನ್ ಇರುವ ದ್ರಾವಕವನ್ನು ಕಾಯಿಸಿ, ಅದರ ಆವಿಯನ್ನು ಉಜ್ಜಿದ ಹೆಡ್‌ಲೈಟಿನ ಮೇಲೆ ಹಾಯಿಸುವುದು. ಆವಿ ತಾಗಿದಲ್ಲಿ ಪ್ಲಾಸ್ಟಿಕ್ಕಿನ ಮೇಲ್ಮೈ ಅರೆಕ್ಷಣ ಕರಗಿ ಸಮವಾಗುತ್ತದೆ, ನೋಡಲು ಮಾಯೆಯಂತಿರುತ್ತದೆ. ಮೊಬೈಲಿನ ವಿಡಿಯೊಗಳಿಗೆ ಹೇಳಿ ಮಾಡಿಸಿದ ಕೆಲಸ. ಆದರೆ ಇಲ್ಲೂ ಮೇಲೆ ಹೊಸ ಲೇಪವೇನೂ ಕೂರುವುದಿಲ್ಲ, ಮೈಗೆ ಒತ್ತಡ ಬಿದ್ದು ಮುಂದೆ ಬಿರುಕು ಬಿಡುವುದೂ ಉಂಟು. ಇಂಥ ದ್ರಾವಕಗಳಲ್ಲಿ ಒಂದಾದ ಡೈಕ್ಲೋರೊಮೀಥೇನಿನ ಬಹುತೇಕ ಬಳಕೆಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ನಿಷೇಧಿಸಿತು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಮಾಡುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ.

ಉಜ್ಜಿದ್ದರಿಂದ ಬೆಳಕು ನಿಜಕ್ಕೂ ಎಷ್ಟು ಮರಳುತ್ತದೆ ಎಂಬುದನ್ನು ಅಮೆರಿಕದ ವಾಹನ ಮಾಲೀಕರ ಸಂಘ ಎಎಎ ಅಳೆದು 2018ರಲ್ಲಿ ಪ್ರಕಟಿಸಿತು. ಪೂರ್ತಿ ಮಬ್ಬಾದ ಹೆಡ್‌ಲೈಟು ಹೊಸದರ ಸುಮಾರು ಐದನೇ ಒಂದು ಪಾಲು ಬೆಳಕನ್ನಷ್ಟೇ ಚೆಲ್ಲುತ್ತದೆ. ಉಜ್ಜಿ ತಿಳಿಯಾಗಿಸಿದ್ದು ಸುಮಾರು ಶೇ 70ಕ್ಕೆ ಮರಳುತ್ತದೆ. ಪೂರ್ತಿ ಬೆಳಕು ಬೇಕಾದರೆ ಕಂಪನಿಯ ಹೊಸ ಹೆಡ್‌ಲೈಟೇ ಆಗಬೇಕು. ಕಳೆದುಹೋದ ಬೆಳಕಿನಲ್ಲಿ ಬಹುಪಾಲು ಇಲ್ಲವಾಗುವುದೂ ಅಲ್ಲ, ದಿಕ್ಕು ತಪ್ಪಿ ಚದುರುತ್ತದೆ. ಅದಕ್ಕೇ ಮಬ್ಬಾದ ಹೆಡ್‌ಲೈಟಿನ ಕಾರು ಓಡಿಸುವವನಿಗೆ ದಾರಿ ತೋರಿಸದಿದ್ದರೂ ಎದುರಿನವನ ಕಣ್ಣಿಗೆ ಚುಚ್ಚುತ್ತದೆ.

ಹೊಸ ಹೆಡ್‌ಲೈಟಿಗೆ ಸಾವಿರಗಟ್ಟಲೆ, ಉಜ್ಜುವುದಕ್ಕೆ ನೂರುಗಟ್ಟಲೆ ರೂಪಾಯಿ ಎಂಬ ಅಂತರವೇ ಈ ಕೆಲಸವನ್ನು ಬದುಕಿಸಿದೆ. ಗಿರಾಕಿ ಬರುವ ಕಾಲಗಳೂ ಗೊತ್ತಾದವು. ಬಾಡಿಗೆ ಗಾಡಿಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಬೇಕು. ಸ್ವಂತದ ಕಾರಿಗೆ ಹದಿನೈದು ವರ್ಷ ತುಂಬಿದಾಗ ಆರ್‌ಸಿ ನವೀಕರಣ. ಬಳ್ಳಾರಿ ನೋಂದಣಿಯ, ಅಂದರೆ ಕೆಎ-34ರ ಗಾಡಿಗಳು ಟಿಂಕರಿಂಗ್, ಪೇಂಟಿಂಗಿಗೆ ಬಂದು ನಿಲ್ಲುವುದು ಅದಕ್ಕೆ ಮುಂಚಿನ ವಾರಗಳಲ್ಲಿ, ಹೆಡ್‌ಲೈಟು ಆ ಪಟ್ಟಿಯ ಕೊನೆಯ ಬಾಬ್ತು. ಹಳೇ ಕಾರು ಮಾರುವ ಕನ್ಸಲ್ಟಿಂಗಿನವರಿಗಂತೂ ಇದು ಕಡ್ಡಾಯ. ಹೆಡ್‌ಲೈಟು ತಿಳಿಯಾಗಿದ್ದರೆ ಕೊಳ್ಳುವವರ ಕಣ್ಣಿಗೆ ಕಾರಿನ ವಯಸ್ಸು ಇಳಿಯುತ್ತದೆ, ಹಾಗೆ ಕೊಂಡವರಿಗೆ ಸಿಕ್ಕುವುದು ಕಾಂಪೌಂಡಿನ ಹೊಳಪೋ ಕ್ಲಿಯರಿನದೋ ಎಂಬುದು ಮುಂದಿನ ಬೇಸಿಗೆಗೆ ಗೊತ್ತಾಗುತ್ತದೆ.

ಎಲ್‌ಇಡಿ ಹೆಡ್‌ಲೈಟುಗಳು ಬಂದ ಮೇಲೆ ಒಳಗಿನ ಕಾವು ತಗ್ಗಿದೆ, ಬಲ್ಬು ಬದಲಿಸುವ ಕೆಲಸ ಇಲ್ಲವಾಗಿದೆ. ಮುಖ ಮಾತ್ರ ಅದೇ ಪಾಲಿಕಾರ್ಬೊನೇಟು, ಬೆಲೆಯೋ ಹಲವು ಪಟ್ಟು. ಕೆಟ್ಟರೆ ಇಡಿಯಾಗಿ ಬದಲಿಸಬೇಕಾದ ಮುಚ್ಚಿದ ಬುರುಡೆಯ ಕಾಲ ಇನ್ನೊಂದು ವೇಷದಲ್ಲಿ ಮರಳಿದಂತಾಗಿದೆ, ಏಳು ಇಂಚಿನ ಅಗ್ಗದ ದುಂಡು ಗಾಜು ಮಾತ್ರ ಮರಳಿಲ್ಲ. ಹೊಸ ಕಾರಿನವರಲ್ಲಿ ಕೆಲವರು ಮೊದಲೇ ಹೆಡ್‌ಲೈಟಿನ ಮೇಲೆ ತಿಳಿ ಫಿಲ್ಮ್ ಅಂಟಿಸಿ, ಹಳದಿಯಾದರೆ ಅದನ್ನೇ ಸುಲಿದು ಬಿಸಾಡುತ್ತಾರೆ. ಗಾಜನ್ನು ಬಹಳ ಕಾಲ ಬಿಡದೆ ಹಿಡಿದಿದ್ದ ಲಾರಿಗಳೂ ಹೊಸ ಕ್ಯಾಬಿನ್ನುಗಳೊಡನೆ ಪ್ಲಾಸ್ಟಿಕ್ಕಿಗೆ ಹೊರಳಿವೆ. ಹೆದ್ದಾರಿಯ ಬದಿಗೆ ಲಾರಿ ನಿಲ್ಲಿಸಿ, ಕ್ಲೀನರ್ ಹುಡುಗ ಬಾಟಲಿ ನೀರೆರಚಿ ಕೆಂಪು ವಸ್ತ್ರದಿಂದ ಹೆಡ್‌ಲೈಟು ತಿಕ್ಕುವುದು ಇಂದಿಗೂ ಕಾಣುವ ನೋಟ. ಗಾಜಿಗೆ ಕಲಿತ ಕೈ ಅದು, ಈಗ ಅದರ ಕೆಳಗಿರುವುದು ಪ್ಲಾಸ್ಟಿಕ್ಕು.